ಬೋಸಿತ್ರೋನ್ ರೀಲು: ಮೂರನೇ ವಾರ

ಅಂತೂ ನನ್ನ ಹಳೇ ಮೂಕಿ ಕಾಮಿಡಿ ರೀಲಿನ ಸ್ಕ್ಯಾನ್ ಮುಗಿಯಿತು. 20 ಮೀಟರ್ ಫಿಲ್ಮು, ಸುಮಾರು 2,600 ಫ್ರೇಮು. ಸೆಕೆಂಡಿಗೆ 16ರಂತೆ ಓಡಿಸಿದರೆ ಎರಡೂಮುಕ್ಕಾಲು ನಿಮಿಷ. ಡಬ್ಬಿ ತೆರೆದಾಗ, ಫಿಲ್ಮು ಕೆಡುತ್ತಿದ್ದರೆ ಬರುವ ಹುಳಿ ವಾಸನೆ ಇರಲಿಲ್ಲ. ಅರ್ಧ ಭಯ ಅಲ್ಲೇ ಹೋಗಿತ್ತು.

ಇದು ಪಾಥೆ ಬೇಬಿ. ಮನೆಯಲ್ಲೇ ಸಿನಿಮಾ ನೋಡಲಿ ಅಂತ ಫ್ರಾನ್ಸಿನ ಪಾಥೆ ಕಂಪನಿ 1922ರಲ್ಲಿ ತಂದ 9.5 ಮಿಲಿಮೀಟರ್ ಫಿಲ್ಮು. ತೂತು ಅಂಚಿನಲ್ಲಿಲ್ಲ, ಎರಡು ಫ್ರೇಮುಗಳ ನಡುವೆ ಮಧ್ಯದಲ್ಲಿದೆ. ಹಾಗಾಗಿ ಚಿತ್ರಕ್ಕೆ ಜಾಸ್ತಿ ಜಾಗ ಸಿಗುತ್ತದೆ. ಆದರೆ ಪ್ರೊಜೆಕ್ಟರಿನ ಕೊಕ್ಕೆ ತಪ್ಪಿದರೆ ಗೀರು ಬೀಳುವುದೂ ಮಧ್ಯದಲ್ಲೇ. ನನ್ನ ರೀಲಿನಲ್ಲಿ ಅದು ನಾಯಕನ ಮೂಗಿನ ಮೇಲೇ ಇಳಿದಿದೆ.

ಮೊದಲ ಸಲ ಓಡಿಸಿದಾಗ, ಮೂಕಿ ಸಿನಿಮಾದಲ್ಲಿ ಮಾತಿನ ಬದಲು ಬರುವ ಬರಹದ ಕಾರ್ಡುಗಳೇ ಕಾಣಲಿಲ್ಲ. ಕತ್ತರಿಸಿ ತೆಗೆದಿದ್ದಾರೇನೋ ಅಂತ ಬೇಜಾರಾಯಿತು. ಆಮೇಲೆ ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿದೆ. ಅಂಚಿನಲ್ಲಿ ಚಿಕ್ಕ ಕಚ್ಚು, ಹತ್ತಿರವೇ ಬರಹ. ಬರಹಕ್ಕೆ ಹೆಚ್ಚು ಫಿಲ್ಮು ಖರ್ಚಾಗದಿರಲಿ ಅಂತ ಪಾಥೆಯವರು ಮಾಡಿದ ಉಪಾಯ ಇದು: ಕಚ್ಚು ಸಿಕ್ಕ ಕೂಡಲೇ ಪ್ರೊಜೆಕ್ಟರು ಫಿಲ್ಮನ್ನು ಮುಂದೆ ಎಳೆಯದೆ ಕೆಲ ಸೆಕೆಂಡು ಹಾಗೇ ನಿಲ್ಲಿಸುತ್ತದೆ. ಸ್ಕ್ಯಾನರಿಗೆ ಅದೆಲ್ಲಿ ಗೊತ್ತು? ಏಳು ಕಚ್ಚುಗಳನ್ನು ಕೈಯಲ್ಲೇ ಎಣಿಸಿ, ಕಂಪ್ಯೂಟರಿನಲ್ಲಿ ಒಂದೊಂದು ಬರಹವನ್ನೂ ಐದು ಸೆಕೆಂಡು ನಿಲ್ಲಿಸಿದೆ. ಕಥೆಗೆ ಜೀವ ಬಂತು.

ಇನ್ನು ಹೆಸರಿನ ವಿಷಯ. ಡಬ್ಬಿಯ ಮೇಲೆ 'ಬೋಸಿತ್ರೋನ್' ಅಂತಿದೆ. ಅದು ಸ್ನಬ್ ಪೊಲಾರ್ಡ್‌ಗೆ ಫ್ರೆಂಚರು ಇಟ್ಟ ಹೆಸರು. ಮೆಲ್ಬರ್ನಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಹ್ಯಾಲ್ ರೋಚ್ ಕಂಪನಿಯ ಕಾಮಿಡಿಗಳಲ್ಲಿ ಬಿದ್ದು ಎದ್ದು ನಗಿಸಿದ ಮನುಷ್ಯ. ಆ ಜೋತುಬಿದ್ದ ಮೀಸೆ ಕಂಡರೆ ಸಾಕು, ಗುರುತು ಸಿಗುತ್ತದೆ. ಅಮೆರಿಕದ ಹಾಸ್ಯನಟ ಚಾರ್ಲಿ ಬವರ್ಸ್ ಕಥೆಯೂ ಹೀಗೇ ಅಲ್ವಾ? ಮೊಟ್ಟೆಯೊಡೆದು ಪುಟಾಣಿ ಕಾರುಗಳು ಹೊರಬರುವ ಸಿನಿಮಾವನ್ನು 1926ರಲ್ಲೇ ಮಾಡಿದವನು. ಫ್ರಾನ್ಸಿನ ಟುಲೂಸ್ ಸಿನಿಮಾ ಸಂಗ್ರಹಾಲಯಕ್ಕೆ ಅವನ ರೀಲುಗಳು ಸಿಕ್ಕಾಗ ಮೇಲಿದ್ದದ್ದು 'ಬ್ರಿಕೊಲೊ' ಅನ್ನೋ ಹೆಸರು. ಅವನು ಯಾರೆಂದು ಹುಡುಕಿ ತೆಗೆಯಬೇಕಾಯಿತು. ಚಾಪ್ಲಿನ್ ಸಿನಿಮಾ ಯಾರು ಬೇಕಾದರೂ ನೋಡಬಹುದು. ಇಂಥವರನ್ನು ಹುಡುಕಿಕೊಂಡೇ ಹೋಗಬೇಕು. ನನಗೆ ಹುಚ್ಚು ಹಿಡಿಸಿದ್ದೂ ಅದೇ.

ನನ್ನ ರೀಲಿನ ಸಿನಿಮಾದ ಮೂಲ ಹೆಸರು ಇನ್ನೂ ಸಿಕ್ಕಿಲ್ಲ. ಮನೆಗೆ ಅಂತ ಮೊಟಕು ಮಾಡಿದ ಪ್ರತಿ, ಮೊದಲೂ ಇಲ್ಲ, ಕೊನೆಯೂ ಇಲ್ಲ. ಆದರೆ ನಡುವೆ ಒಂದು ಕಡೆ ಪೊಲಾರ್ಡ್ ಬಾಗಿಲು ತೆರೆಯುತ್ತಾನೆ, ಗಾಳಿಗೆ ಮೀಸೆಯ ಎಡಭಾಗ ಮಾತ್ರ ಮೇಲೇಳುತ್ತದೆ. ಹಿಂದಿನ ಗೋಡೆಯಲ್ಲಿ ಹೂಬಳ್ಳಿಯ ಕಾಗದ. ಮುಂದಿನ ವಾರ ಆ ಗೋಡೆಯನ್ನು ಹಿಡಿದುಕೊಂಡು ಅವನ ಬೇರೆ ಕಾಮಿಡಿಗಳ ಜೊತೆ ಹೋಲಿಸಿ ನೋಡುತ್ತೇನೆ.