ಭಯಾನಕ ಪೋಸ್ಟರಿನ ಕತ್ತಲೆಗೂ ಲೆಕ್ಕ ಬೇಕು

ಕಾಸರಗೋಡಿನ ಹಳೆಯ ಹೆಂಚಿನ ಮನೆ, ಮಳೆಗಾಲದ ಅಡಿಕೆ ತೋಟ, ಪಾಚಿ ಹಿಡಿದ ಮುರಕಲ್ಲಿನ ಗೋಡೆ: ಭಯಾನಕ ಸಿನಿಮಾದ ಪೋಸ್ಟರಿಗೆ ಇಷ್ಟು ಧಾರಾಳ ಸಾಕು. ತೆಯ್ಯದ ಮುಖವರ್ಣಿಕೆಯನ್ನು ಮಾತ್ರ ದೆವ್ವದ ಮುಖವಾಗಿಸಬೇಡಿ. ಇಲ್ಲಿಯವರಿಗೆ ಅದು ದೈವ.

ಎ3 ಪೋಸ್ಟರಿಗೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್), ಸುತ್ತ 3 ಮಿ.ಮೀ. ಬ್ಲೀಡ್ (ಅಚ್ಚಾದ ಮೇಲೆ ಕತ್ತರಿಸಿ ತೆಗೆಯುವ ಅಂಚು) ಸೇರಿ 303×426 ಮಿ.ಮೀ. ಆಕೃತಿ ಒಂದೇ ಇರಲಿ. ಬೆಳಕು ಕೆಳಗಿನಿಂದಲೋ ಒಂದೇ ಪಕ್ಕದಿಂದಲೋ ಬೀಳಲಿ.

ಹೆಚ್ಚಿನವರು ಎಡವುವುದು ಕಪ್ಪಿನಲ್ಲಿ. ಹಿನ್ನೆಲೆಗೆ ಬರೀ ಕಪ್ಪು ಶಾಯಿ ಶೇ. 100 ಕೊಟ್ಟರೆ ಅಚ್ಚಿನಲ್ಲಿ ಬೂದಿಯಂತೆ ಕಾಣುತ್ತದೆ. ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಕೊಡಿ. ನಾಲ್ಕನ್ನೂ 100 ಮಾಡಿದರೆ ಶಾಯಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಆಟಿ ತಿಂಗಳ ಮಳೆಯ ತೇವದಲ್ಲಂತೂ ಕೇಳುವುದೇ ಬೇಡ.

ಶೀರ್ಷಿಕೆಗೆ ಬಿರುಕು, ರಕ್ತದ ಹನಿ ಹಾಕುವಾಗ ಒತ್ತಕ್ಷರ ನೋಡಿಕೊಳ್ಳಿ. ಕಪ್ಪಿನ ಮೇಲಿನ ಸಪೂರ ಕೆಂಪು ಗೆರೆಗಳು ಶಾಯಿ ಹರಡಿ ಮುಚ್ಚಿಹೋಗುತ್ತವೆ. ಫೋಟೋಶಾಪಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆಯ್ದುಕೊಳ್ಳದಿದ್ದರೆ ಒತ್ತುಗಳು ಬಿಡಿಬಿಡಿಯಾಗಬಹುದು.

ಪತ್ರಿಕೆಯ ಮುಖಪುಟದ ರೀತಿಯೇ ಬೇರೆ. ಪೋಸ್ಟರಿನಲ್ಲಿ ಕಣ್ಣು ಕತ್ತಲೆಯಲ್ಲಿದ್ದರೆ ಚೆಂದ, ಇಲ್ಲಿ ಅದು ನೇರ ಓದುಗರನ್ನೇ ನೋಡಬೇಕು. ಪತ್ರಿಕೆಯ ಹೆಸರಿನ ಮೇಲೆ ಪಾತ್ರದ ತಲೆ ಬರಬಹುದು, ಆದರೆ ತಲೆಕಟ್ಟು, ಗುಣಿತದ ಗುರುತು ಮುಚ್ಚಿದರೆ ಓದಲಾಗದು. ಬಾರ್‌ಕೋಡ್ ಬಿಳಿಯ ಮೇಲೆ ಕಪ್ಪಾಗಿಯೇ ಇರಲಿ. ಸ್ಕ್ಯಾನರಿನ ಕೆಂಪು ಬೆಳಕಿಗೆ ಕೆಂಪು ಪಟ್ಟಿ ಕಾಣುವುದಿಲ್ಲ.