ದೋಣಿ ಪಕ್ಕದಲ್ಲಿ ಎಂಟು ಹಾಕೋದು

"ಬಣ್ಣದ ಮಾತಲ್ಲ. ನೀನು ನಿಂತುಬಿಟ್ಟೆ."

ಶನಿವಾರದಿಂದ ಈ ಮಾತು ನನ್ನ ತಲೆಯಲ್ಲಿ ಸುತ್ತುತ್ತಲೇ ಇದೆ. ಹೇಳಿದವರು ಪಕ್ಕದ ಮನೆಯ ತಾತ. ಹೇಳಿಸಿಕೊಂಡವನು ನನ್ನ ಭಾವಮೈದುನ. ನಾನು ಇಬ್ಬರ ನಡುವೆ ಬಲೆ ಹಿಡಿದು ನಿಂತಿದ್ದೆ.

ಅಮೆರಿಕದ ಮಿನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರ. 1,32,000 ಎಕರೆ ನೀರು. ಬೆಳಗಿನಿಂದ ಗಾಳಿ ಒಂದೇ ಕಡೆಯಿಂದ ಬೀಸಿ, ನೀರೊಳಗಿನ ಕಲ್ಲುದಿಬ್ಬದ ಮೇಲೆ ಅಲೆ ಬಂದು ಬಂದು ಬೀಳುತ್ತಿತ್ತು. ಗಾಳಿ ಬಡಿಯುವ ಕಲ್ಲುದಿಬ್ಬ ಅಂದರೆ ಮಸ್ಕಿ ಅನ್ನುವ ದೊಡ್ಡ ಬೇಟೆಗಾರ ಮೀನು ಹುಡುಕುವವರು ಮೊದಲು ಹೋಗುವ ಜಾಗ. ಅಲೆಯ ಜೊತೆ ಸಣ್ಣ ಮೀನು ಅಲ್ಲಿಗೆ ಬಂದು ಸೇರುತ್ತವೆ. ನೀರು ಕಲಕಿರುವುದರಿಂದ ದೊಡ್ಡ ಮೀನಿಗೂ ಧೈರ್ಯ.

ಭಾವಮೈದುನ ಎಸೆದ ಲೂರ್, ಅಂದರೆ ಮೀನನ್ನು ಸೆಳೆಯುವ ಕೊಕ್ಕೆಯಿರುವ ನಕಲಿ ಬೇಟೆ, ದೋಣಿ ಕಡೆಗೆ ಬರುತ್ತಿತ್ತು. ಅದರ ಹಿಂದೆ ಒಂದಡಿ ಬಿಟ್ಟು ಮೀನು. ಉದ್ದ ನಾಲ್ಕು ಅಡಿಗೆ ಕಡಿಮೆ ಇರಲಿಲ್ಲ. ಬಾಯಿ ಮುಚ್ಚಿತ್ತು. ಕಿವಿರು ಮಾತ್ರ ಮೆಲ್ಲಗೆ ಆಡುತ್ತಿತ್ತು. ಇವನು ನೋಡಿದ. "ಭಾವ, ಭಾವ, ಇಲ್ನೋಡಿ!" ಅಂದ. ಅಷ್ಟು ಹೇಳುವಾಗ ದಾರ ಸುತ್ತುವ ರೀಲ್ ಮೇಲಿನ ಕೈ ನಿಂತಿತು. ಲೂರ್ ನೀರಿನಲ್ಲಿ ಜೋತುಬಿತ್ತು. ಮೀನೂ ನಿಂತಿತು. ಒಂದು ಕ್ಷಣ ನೋಡಿತು. ಆಮೇಲೆ ಯಾವ ಅವಸರವೂ ಇಲ್ಲದೆ ಕೆಳಗಿಳಿದು ಹೋಯಿತು.

"ಬಣ್ಣ ಹಿಡಿಸಲಿಲ್ಲ ಅದಕ್ಕೆ. ಕಿತ್ತಳೆ ಹಾಕಬೇಕಿತ್ತು" ಅನ್ನುತ್ತಾ ಇವನು ಪೆಟ್ಟಿಗೆ ತೆಗೆದ. ತಾತ ಈ ಕಡೆ ತಿರುಗಲೂ ಇಲ್ಲ. ತಮ್ಮ ಲೂರ್ ಎಸೆಯುತ್ತಲೇ ಆ ಮಾತು ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದು, ಆದರೆ ನನ್ನ ಕಿವಿಯಲ್ಲಿ ಈಗ ಅದು ಕನ್ನಡದಲ್ಲೇ ಕೇಳುತ್ತದೆ.

ಮಸ್ಕಿಯ ಸ್ವಭಾವವೇ ಹಾಗೆ. ಲೂರ್ ಕಂಡ ಕೂಡಲೇ ನುಂಗುವ ಮೀನಲ್ಲ. ಹಿಂದೆ ಹಿಂದೆ ಬರುತ್ತದೆ, ದೋಣಿಯವರೆಗೂ ಬರುತ್ತದೆ, ನಮ್ಮ ಮುಖ ನೋಡುವಷ್ಟು ಹತ್ತಿರ ಬರುತ್ತದೆ. ಬೀದಿನಾಯಿ ಬೈಕ್ ಅಟ್ಟಿಸಿಕೊಂಡು ಬರುತ್ತದಲ್ಲ, ಬೈಕ್ ನಿಲ್ಲಿಸಿದರೆ ಅದೂ ನಿಂತು ಮುಂದೇನು ಅಂತ ತೋಚದೆ ವಾಪಸ್ ಹೋಗುತ್ತದೆ. ಇದೂ ಅಷ್ಟೇ. ಪ್ರಾಣಭಯದಲ್ಲಿ ಓಡುವ ಮೀನು ಹಲ್ಲಿನ ಮುಂದೆ ಬಂದು ನಿಲ್ಲುವುದಿಲ್ಲ. ನಿಂತರೆ ಅದು ಮೀನಲ್ಲ ಅಂತ ಮಸ್ಕಿಗೆ ಅನುಮಾನ ಬಂದೇ ಬರುತ್ತದೆ.

ಅದಕ್ಕೇ ದೋಣಿ ಪಕ್ಕದಲ್ಲಿ ಎಂಟು ಹಾಕಬೇಕು. ದಾರ ಮುಗಿಯುತ್ತಾ ಬಂದಾಗ, ರಾಡ್ ಅನ್ನುವ ಗಾಳದ ಕೋಲಿನ ತುದಿಯಿಂದ ಲೂರ್‌ಗೆ ಇನ್ನು ಒಂದೂವರೆ ಅಡಿ ಇರುವಾಗ, ರೀಲ್ ಬಿಟ್ಟು ರಾಡನ್ನೇ ನೀರಿಗೆ ಇಳಿಸಿ, ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತಿಸಬೇಕು. ಈ ಎರಡು ಕೆಲಸದ ನಡುವೆ ಲೂರ್ ಒಂದು ಕ್ಷಣವೂ ನಿಲ್ಲಬಾರದು. ನಿಜಕ್ಕೂ ಅಲ್ಲಿ ವೇಗ ಇನ್ನೂ ಸ್ವಲ್ಪ ಹೆಚ್ಚಬೇಕು. ತಿರುವು ಅಗಲವಾಗಿರಬೇಕು. ನಾಲ್ಕಡಿ ಮೀನಿಗೆ ಸಣ್ಣ ತಿರುವಿನಲ್ಲಿ ತಿರುಗಲು ಆಗುವುದಿಲ್ಲ. ತಿರುವಿನಲ್ಲೇ ಲೂರ್‌ನ ಪಕ್ಕೆ ಅದಕ್ಕೆ ಕಾಣುವುದು, ಅಲ್ಲೇ ಅದು ಬಾಯಿ ಹಾಕುವುದು. ಮೀನು ಕಂಡರೂ ಸರಿ, ಕಾಣದಿದ್ದರೂ ಸರಿ, ಪ್ರತಿ ಎಸೆತದ ಕೊನೆಗೂ ಹಾಕಬೇಕು. ಎಷ್ಟೋ ಸಲ ಮೀನು ಆಳದಲ್ಲಿರುತ್ತದೆ, ನಮಗೆ ಕಾಣುವುದೇ ಇಲ್ಲ.

ಇದು ಭಾವಮೈದುನನಿಗೆ ಗೊತ್ತಿಲ್ಲದ ವಿಷಯ ಅಲ್ಲ. ಬೆಳಿಗ್ಗೆ ಚೆನ್ನಾಗೇ ಹಾಕುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಭುಜ ಸೋತಿತ್ತು. ಎಂಟು ಇದ್ದದ್ದು ಅರ್ಧ ಸುತ್ತಾಯಿತು, ಅದೂ ಹೋಗಿ ಸುಮ್ನೆ ಲೂರ್ ಎತ್ತಿ ಮತ್ತೆ ಎಸೆಯುವುದಾಯಿತು. ಒಂಬತ್ತು ಅಡಿ ರಾಡ್, ಅಂಗೈಗಿಂತ ದೊಡ್ಡ ಲೂರ್, ಗಂಟೆಗಟ್ಟಲೆ ಎಸೆತ. ಮಸ್ಕಿಯನ್ನು ಹತ್ತು ಸಾವಿರ ಎಸೆತದ ಮೀನು ಅಂತ ಈ ಕಡೆಯವರು ಕರೆಯುತ್ತಾರೆ. ಆ ಹತ್ತು ಸಾವಿರದಲ್ಲಿ ಬೇಕಾದದ್ದು ಒಂದೇ ಒಂದು. ಅದು ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ಕಷ್ಟ ಇರುವುದು ಅಲ್ಲೇ.

ಹುಡುಗ ಒಳ್ಳೆಯವನು. ಇದನ್ನು ಹೇಳಲೇಬೇಕು. ಯಾವುದಕ್ಕೆ ಕೈ ಹಾಕಿದರೂ ಮೊದಲು ಓದಿಕೊಳ್ಳುತ್ತಾನೆ, ವಿಡಿಯೋ ನೋಡುತ್ತಾನೆ, ಪಟ್ಟಿ ಮಾಡುತ್ತಾನೆ. ಆದರೆ ಏನು ಕೆಟ್ಟರೂ ಅವನ ಕಣ್ಣು ಮೊದಲು ಹೋಗುವುದು ಸಾಮಾನಿನ ಕಡೆಗೆ. ಅನ್ನ ಮುದ್ದೆಯಾದರೆ ಕುಕ್ಕರ್ ಸರಿಯಿಲ್ಲ. ಬೆನ್ನು ನೋವಾದರೆ ಕುರ್ಚಿ ಸರಿಯಿಲ್ಲ. ಮೀನು ತಿರುಗಿದರೆ ಬಣ್ಣ ಸರಿಯಿಲ್ಲ. ಅವನ ಪೆಟ್ಟಿಗೆಯಲ್ಲಿರುವ ಲೂರ್‌ಗಳು ಒಂದೊಂದೂ ಮೂವತ್ತು ನಲವತ್ತು ಡಾಲರಿನವು. ಕಾಲು ಗಂಟೆಗೊಮ್ಮೆ ಬದಲಾಯಿಸುತ್ತಾನೆ. ಬದಲಾಯಿಸುವಷ್ಟು ಹೊತ್ತೂ ಲೂರ್ ನೀರಿನ ಹೊರಗೆ. ನೀರಿನ ಹೊರಗಿರುವ ಲೂರ್‌ಗೆ ಯಾವ ಮೀನು ಬಿದ್ದೀತು?

ತಾತನ ಮೇಲೂ ನನಗೆ ಬೇಸರ ಇದೆ. ಇವನು ಎಂಟು ಹಾಕುವುದು ಬಿಟ್ಟಿದ್ದನ್ನು ಅವರು ಆಗಲೇ ಗಮನಿಸಿದ್ದರು, ಅದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಬಾಯಿ ಬಿಡಲಿಲ್ಲ. ಮೀನು ಹೋದ ಮೇಲೆ ಹೇಳಿದರು. ಇಷ್ಟು ವರ್ಷದ ಅನುಭವ ಇರುವವರು ಒಂದು ಗಂಟೆ ಮುಂಚೆ "ಮಗಾ, ಕೈ ನಿಲ್ಲಿಸಬೇಡ" ಅಂದಿದ್ದರೆ ಏನು ಹೋಗುತ್ತಿತ್ತು? ಕೇಳದೆ ಬುದ್ಧಿ ಹೇಳಬಾರದು ಅನ್ನುವುದು ಇಲ್ಲಿನ ಹಿರಿಯರ ರೀತಿ. ಆ ಮರ್ಯಾದೆ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗುವುದಿಲ್ಲ. ನಮ್ಮೂರಲ್ಲಾದರೆ ದಾರಿಯಲ್ಲಿ ಹೋಗುವವರೂ ನಿಂತು ಹೇಳಿ ಹೋಗುತ್ತಿದ್ದರು.

ಹಾಗಂತ ಲೂರ್ ಯಾವುದಾದರೂ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆಯ್ಕೆ ಬೇಕೇ ಬೇಕು. ಕೇಳಬೇಕಾದ ಪ್ರಶ್ನೆ ಬೇರೆ. ಮೀನು ಎಷ್ಟು ಆಳದಲ್ಲಿದೆ? ನೀರು ಎಷ್ಟು ಬೆಚ್ಚಗಿದೆ? ಎಷ್ಟು ತಿಳಿಯಾಗಿದೆ? ಜುಲೈಯಲ್ಲಿ ನೀರು ಬೆಚ್ಚಗಿರುವಾಗ ಮಸ್ಕಿ ಚುರುಕು. ಆಗ ಬಕ್‌ಟೇಲ್. ಜಿಂಕೆ ಬಾಲದ ಕೂದಲೋ ಮಿರುಗುವ ಎಳೆಗಳೋ ಕಟ್ಟಿ, ಮುಂದೆ ಎರಡು ತಗಡಿನ ಬಿಲ್ಲೆ ಗಿರಗಿರ ತಿರುಗುವಂತೆ ಮಾಡಿದ ಲೂರ್ ಅದು. ಜೋರಾಗಿ ಎಳೆದರೆ ನೀರೊಳಗಿನ ಗಿಡಗಳ ತಲೆ ಸವರಿಕೊಂಡು ಬರುತ್ತದೆ. ಬಿಲ್ಲೆಯ ಅದುರು ಮೀನಿಗೆ ದೂರದಿಂದಲೇ ತಟ್ಟುತ್ತದೆ. ಗಾಳಿ ನಿಂತ ಸಂಜೆಗೆ ನೀರ ಮೇಲೆ ಸದ್ದು ಮಾಡುತ್ತಾ ಬರುವ ಟಾಪ್‌ವಾಟರ್. ಸೆಪ್ಟೆಂಬರ್ ಕಳೆದು ನೀರು ತಣ್ಣಗಾದರೆ ದೊಡ್ಡ ರಬ್ಬರ್ ಲೂರ್, ನಿಧಾನಕ್ಕೆ ಎತ್ತಿ ಇಳಿಸುತ್ತಾ, ಕಲ್ಲುದಿಬ್ಬದ ಹೊರ ಅಂಚಿನಲ್ಲಿ. ಅಕ್ಟೋಬರ್ ನವೆಂಬರ್‌ನಲ್ಲಿ ಟುಲಿಬಿ ಅನ್ನುವ ಮೀನು ಮೊಟ್ಟೆಯಿಡಲು ಕಲ್ಲಿನ ಹತ್ತಿರ ಬಂದಾಗ, ಅದರ ಹಿಂದೆ ಮಸ್ಕಿಯೂ ಬರುತ್ತದೆ. ಆಗ ಮೀನಿನಾಕಾರದ, ಎಳೆದರೆ ಓಲಾಡುತ್ತಾ ಬರುವ ಉದ್ದನೆಯ ಕ್ರ್ಯಾಂಕ್‌ಬೇಟ್ ಕಟ್ಟಿ ದೋಣಿಯನ್ನು ನಿಧಾನಕ್ಕೆ ಓಡಿಸುತ್ತಾ ಎಳೆಯುವವರೇ ಜಾಸ್ತಿ.

ಇಷ್ಟೆಲ್ಲ ಆದ ಮೇಲೆ ಬಣ್ಣ. ಮಿಲ್ ಲ್ಯಾಕ್ಸ್‌ನಲ್ಲಿ 2005ರಲ್ಲಿ ಜೀಬ್ರಾ ಮಸಲ್ ಅನ್ನುವ ಪುಟ್ಟ ಚಿಪ್ಪಿನ ಜೀವಿ ಕಾಣಿಸಿಕೊಂಡಿತು. ಅದು ನೀರನ್ನು ಸೋಸಿ ಸೋಸಿ ಸರೋವರ ಮೊದಲಿಗಿಂತ ತಿಳಿಯಾಗಿದೆ. ತಿಳಿನೀರಿನಲ್ಲಿ ಮೀನು ದೂರದಿಂದ ನೋಡುತ್ತದೆ, ಹೆಚ್ಚು ಹೊತ್ತು ನೋಡುತ್ತದೆ. ನಿಧಾನಕ್ಕೆ ಎಳೆದರೆ ಲೂರ್‌ನ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ವೇಗ ಬೇಕು. ಬಿಸಿಲಿದ್ದರೆ ಬಿಳಿ, ಬೆಳ್ಳಿ. ಮೋಡಕ್ಕೆ, ಮುಸ್ಸಂಜೆಗೆ ಕಪ್ಪು. ಕೆಳಗಿನಿಂದ ಆಕಾಶದ ಕಡೆ ನೋಡುವ ಮೀನಿಗೆ ಕಪ್ಪಿನ ನೆರಳು ಚೆನ್ನಾಗಿ ಕಾಣುತ್ತದೆ. ಕಿತ್ತಳೆ, ಹಳದಿ ಎಲ್ಲ ಚಹಾ ಬಣ್ಣದ ನೀರಿರುವ ಕೆರೆಗಳಿಗೆ ವಾಸಿ. ತಾತ ಹೆಚ್ಚುಕಮ್ಮಿ ಇಡೀ ವರ್ಷ ಒಂದೇ ಕಪ್ಪು ಬಕ್‌ಟೇಲ್ ಎಸೆಯುತ್ತಾರೆ. ಅದು ಹಟ ಅಂತ ಭಾವಮೈದುನನ ವಾದ. ನನಗೆ ಅದು ನೆಮ್ಮದಿ ಅನಿಸುತ್ತದೆ. ಲೂರ್ ಬಗ್ಗೆ ಯೋಚನೆ ಇಲ್ಲದವರ ಕಣ್ಣು ನೀರಿನ ಮೇಲಿರುತ್ತದೆ.

ಚಂದ್ರನ ವಿಷಯಕ್ಕೂ ನಾವು ಶನಿವಾರ ಜಗಳವಾಡಿದೆವು. ಚಂದ್ರ ಮುಳುಗುವ ಹೊತ್ತಿಗೆ ಮೀನು ಎದ್ದೇ ಏಳುತ್ತದೆ ಅಂತ ಭಾವಮೈದುನ ಫೋನ್ ತೋರಿಸುತ್ತಿದ್ದ. ಮಸ್ಕಿ ಹಿಡಿಯುವವರ ಒಂದು ಸಂಘ 1966ರಿಂದ ಇದೆ, ಮಸ್ಕೀಸ್ ಇಂಕ್. ಅದರ ಸದಸ್ಯರು ಹಿಡಿದ ಮೀನಿನ ಲೆಕ್ಕ ಬರೆದಿಡುತ್ತಾರೆ. ಆ ಮೂರು ಲಕ್ಷಕ್ಕೂ ಹೆಚ್ಚು ದಾಖಲೆ ಇಟ್ಟುಕೊಂಡು 2014ರಲ್ಲಿ ಇಬ್ಬರು ಸಂಶೋಧಕರು ಚಂದ್ರನ ಪ್ರಭಾವ ಅಳೆದರು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸಿಗುವುದು ಸ್ವಲ್ಪ ಜಾಸ್ತಿ, ಹೌದು. ಎಷ್ಟು? ಶೇಕಡಾ 5ರ ಸುತ್ತಮುತ್ತ. ಆ ಐದಕ್ಕಾಗಿ ಅವನು ರಜೆ ಹೊಂದಿಸುತ್ತಾನೆ. ದೋಣಿ ಪಕ್ಕದಲ್ಲಿ ಮಾಡುವ ಎರಡು ಸುತ್ತಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ ಅಂತ ತಾತನಂಥವರು ಬಾಯಿಮಾತಿನಲ್ಲಿ ಹೇಳುತ್ತಾರೆ. ನಾನು ತಾತನ ಪಕ್ಷ.

ಭಾವಮೈದುನ ಹುಟ್ಟಿ ಬೆಳೆದದ್ದು ಮಳವಳ್ಳಿ ಕಡೆ. ಅವರ ಅಜ್ಜ ಕಾವೇರಿಯಲ್ಲಿ ಮಹಶೀರ್ ಹಿಡಿದವರು. ರಾಗಿಹಿಟ್ಟು ಬೇಯಿಸಿ, ಗಟ್ಟಿ ಉಂಡೆ ಕಟ್ಟಿ, ಗಾಳಕ್ಕೆ ಮೆತ್ತಿ, ಮಡುವಿಗೆ ಬಿಟ್ಟು ಕಾಯುವುದು. ಮೀನು ವಾಸನೆಗೆ ಬರುತ್ತದೆ. ಅಲ್ಲಿ ಕೆಲಸ ಮಾಡುವುದು ಉಂಡೆ, ಮನುಷ್ಯ ಕೂತು ಬೀಡಿ ಸೇದಬಹುದು. ಅವನ ರಕ್ತದಲ್ಲಿ ಇನ್ನೂ ಅದೇ ನಂಬಿಕೆ ಇದೆಯೇನೋ, ಸರಿಯಾದ ಉಂಡೆ ಸಿಕ್ಕಿದರೆ ಸಾಕು ಅಂತ. ಮಸ್ಕಿಗೆ ಕಟ್ಟುವ ಬಕ್‌ಟೇಲ್‌ನಲ್ಲಿ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ತಗಡು, ಕೂದಲು, ಕೊಕ್ಕೆ. ಅದಕ್ಕೆ ಜೀವ ಬರುವುದು ನಮ್ಮ ಕೈಯಿಂದ. ಕೈ ನಿಂತರೆ ಜೀವವೂ ಹೋಯಿತು.

ರಾತ್ರಿ ಮಲಗಿದಾಗ ಆ ಮೀನು ನಿಂತು ನೋಡಿದ್ದೇ ಕಣ್ಣಮುಂದೆ ಬರುತ್ತದೆ. ಅಷ್ಟು ದೊಡ್ಡದು ಅಂದರೆ ಹೆಣ್ಣೇ ಇರಬೇಕು. ಐವತ್ತು ಇಂಚಿನ ಹೆಣ್ಣು ಮಸ್ಕಿಗೆ ಹದಿನೈದು ವರ್ಷ ಆಗಿರುವುದು ಸಾಮಾನ್ಯ. ಮಿಲ್ ಲ್ಯಾಕ್ಸ್‌ಗೆ 1980ರ ದಶಕದಿಂದ ಸರ್ಕಾರದವರೇ ಮಸ್ಕಿ ಮರಿ ಬಿಡುತ್ತಾ ಬಂದಿದ್ದಾರೆ. ಭಾವಮೈದುನ ಹೈಸ್ಕೂಲಿನಲ್ಲಿದ್ದಾಗ ಯಾರೋ ತೊಟ್ಟಿಯಿಂದ ಸುರಿದ ಗೇಣುದ್ದದ ಮರಿ, ಇಷ್ಟು ಚಳಿಗಾಲ ಹಿಮದ ಕೆಳಗೆ ಕಳೆದು, ಎಷ್ಟು ಲೂರ್ ನೋಡಿ, ಎಷ್ಟು ಸಲ ತಿರುಗಿ ಹೋಗಿ, ಇಲ್ಲಿಯವರೆಗೆ ಬಂದಿದೆ! ಅದಕ್ಕೆ ಮೋಸ ಗೊತ್ತಾಗುವುದರಲ್ಲಿ ಆಶ್ಚರ್ಯ ಏನಿದೆ? ನನಗೆ ಆ ಮೀನಿನ ಮೇಲೆ ಗೌರವವೇ ಜಾಸ್ತಿಯಾಗಿದೆ. ರಾಜ್ಯದ ಅತಿ ಭಾರದ ಮಸ್ಕಿ ಸಿಕ್ಕಿದ್ದೂ ಇದೇ ಸರೋವರದಲ್ಲಿ, 2021ರ ನವೆಂಬರಿನಲ್ಲಿ. 55 ಪೌಂಡಿಗೂ ಮೇಲೆ. 1957ರ ದಾಖಲೆ ಮುರಿಯಿತು. ಹಿಡಿದವರು ಅದನ್ನು ಬಿಡಲು ಬಹಳ ಹೊತ್ತು ಕಷ್ಟಪಟ್ಟರಂತೆ, ಅದು ಚೇತರಿಸಿಕೊಳ್ಳಲಿಲ್ಲ.

ಇಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡದನ್ನೂ ಬಹುತೇಕ ಎಲ್ಲರೂ ಬಿಡುತ್ತಾರೆ. ರಬ್ಬರ್ ಲೇಪದ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಕೊಕ್ಕೆ ಕತ್ತರಿಸುವ ಕಟರ್ ಇಲ್ಲದೆ ಮಸ್ಕಿಗೆ ಹೋಗಲೇಬಾರದು ಅಂತ ನನ್ನ ಅಭಿಪ್ರಾಯ. ಮೀನು ಬಲೆಯೊಳಗೆ, ನೀರಿನಲ್ಲೇ ಇರಬೇಕು. ಬೇಸಿಗೆಯಲ್ಲಿ ನೀರು 80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾಡ್ ಮನೆಯಲ್ಲೇ ಇರಲಿ. ಬಿಸಿನೀರಿನಲ್ಲಿ ಸೆಣಸಿದ ಮೀನು ಬಿಟ್ಟ ಮೇಲೂ ಸಾಯುತ್ತದೆ. ಕೊಕ್ಕೆ ಕತ್ತರಿಸಿದರೆ ನಲವತ್ತು ಡಾಲರಿನ ಲೂರ್ ಹಾಳಾಗುತ್ತದೆ ಅಂತ ಹಿಂದೆಮುಂದೆ ನೋಡುವವರ ಜೊತೆ ನಾನು ದೋಣಿ ಹತ್ತುವುದಿಲ್ಲ. ಈ ವಿಷಯದಲ್ಲಿ ಭಾವಮೈದುನ ಅಪ್ಪಟ ಚಿನ್ನ.

ಭಾನುವಾರ ಅವನು ಕಿತ್ತಳೆ ಬಣ್ಣದ ಲೂರ್ ಆರ್ಡರ್ ಮಾಡಿದ. ನಾನು ಏನೂ ಹೇಳಲಿಲ್ಲ. ಬುಧವಾರ ಸಂಜೆ ಹಿತ್ತಲಲ್ಲಿ ಏನೋ ಓಡಾಡಿದ ಸದ್ದು. ನೋಡಿದರೆ ಇವನು ಹಳೆಯ ಬಕ್‌ಟೇಲ್‌ನ ಕೊಕ್ಕೆ ಬಿಚ್ಚಿ, ಹುಲ್ಲಿನ ಮೇಲೆ ಎಂಟು ಹಾಕುತ್ತಿದ್ದಾನೆ. ರೀಲ್ ಸುತ್ತುವುದು, ರಾಡ್ ಇಳಿಸುವುದು, ತಿರುಗಿಸುವುದು. ಮತ್ತೆ ಅದೇ. ಬೇಲಿ ಆಚೆ ತಾತ ಸೊಪ್ಪಿನ ಮಡಿಗೆ ನೀರು ಬಿಡುತ್ತಿದ್ದವರು ಸ್ವಲ್ಪ ಹೊತ್ತು ನೋಡಿದರು.

"ಇನ್ನೂ ಅಗಲ" ಅಂದರು.

ಯಾರೂ ಕೇಳಿರಲಿಲ್ಲ. ಅವರಾಗೇ ಹೇಳಿದರು. ಇವನು ಅಗಲ ಮಾಡಿದ. "ತಿರುವಿನಲ್ಲಿ ಸ್ವಲ್ಪ ಮೇಲೆತ್ತು. ನೇರಕ್ಕೆ ಬಂದಾಗ ಜೋರು." ಪೈಪ್ ಕೆಳಗಿಟ್ಟು ಬೇಲಿ ಹತ್ತಿರ ಬಂದರು. ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಇದ್ದರು.

ಈ ಶನಿವಾರ ಮತ್ತೆ ಹೋಗುತ್ತಿದ್ದೇವೆ. ಮಧ್ಯಾಹ್ನ ಎರಡಕ್ಕೆ ಹೊರಟರೆ ನಾಲ್ಕಕ್ಕೆ ನೀರಿನ ಮೇಲೆ. ಹಿಂದೆ ಬಂದು ತಿರುಗಿದ ಮೀನು ಎಷ್ಟೋ ಸಲ ಅದೇ ಜಾಗದಲ್ಲಿ ಇರುತ್ತದೆ, ಬೆಳಕು ಇಳಿಯುವಾಗ ಮತ್ತೆ ನೋಡಬೇಕು. ವಾರದಲ್ಲಿ ನೀರು ತಣ್ಣಗಾಗಿದೆ. ಹಾಗಾಗಿ ಕಪ್ಪು ಬಕ್‌ಟೇಲ್ ಒಂದು, ದೊಡ್ಡ ರಬ್ಬರ್ ಒಂದು. ಕಿತ್ತಳೆಯೂ ಪೆಟ್ಟಿಗೆಯಲ್ಲಿ ಇರುತ್ತದೆಯಂತೆ. ಇರಲಿ. ಮೊದಲ ಎಸೆತ ಭಾವಮೈದುನನದ್ದು ಅಂತ ತಾತನೇ ಹೇಳಿದ್ದಾರೆ.