ತಿನ್ನಲಿಕ್ಕೆಂದೇ ಬೆಂಗಳೂರಿಗೆ ಹೋಗುತ್ತೀರೇನ್ರೀ?

ಸಂಕ್ರಾಂತಿಯ ಆಸುಪಾಸಿನಲ್ಲಿ ನಾನು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದ ಸುದ್ದಿ ಕಲಬುರಗಿಯ ನಮ್ಮ ಓಣಿಯಲ್ಲಿ ಹೇಗೋ ಹರಡಿಬಿಡುತ್ತದೆ. ಆಮೇಲೆ ಕಿರಾಣಿ ಅಂಗಡಿಯವರಿಂದ ಹಿಡಿದು ಬೀಗರ ತನಕ ಎಲ್ಲರದೂ ಒಂದೇ ಪ್ರಶ್ನೆ: "ಅಲ್ರೀ ಸರ, ಬರೀ ತಿನ್ಲಿಕ್ಕಂತ ಬೆಂಗಳೂರಿಗಿ ಹೋಗ್ತೀರೇನ್ರೀ? ಇಲ್ಲಿ ರೊಟ್ಟಿ ಸಿಗಲ್ಲೇನು?" ಅರಮನೆ ಮೈದಾನದಲ್ಲಿ ರಾಜ್ಯದ ಕೃಷಿ ಇಲಾಖೆ ಮೂರು ದಿನ ನಡೆಸುವ ಸಾವಯವ ಮತ್ತು ಸಿರಿಧಾನ್ಯ ಅಂತರರಾಷ್ಟ್ರೀಯ ವಾಣಿಜ್ಯ ಮೇಳವೇ ಈ ಪ್ರಶ್ನೆಗೆ ಕಾರಣ. ನಿಂತ ಕಾಲಲ್ಲಿ ಕೊಡುವ ಉತ್ತರ ಯಾರಿಗೂ ಸಮಾಧಾನ ತರುವುದಿಲ್ಲವಾದ್ದರಿಂದ ಇಲ್ಲಿ ಕುಳಿತು ಬರೆಯುತ್ತಿದ್ದೇನೆ.

ರೊಟ್ಟಿ ತಿನ್ನಲಿಕ್ಕೆ ನಾನು ಯಾವ ಮೇಳಕ್ಕೂ ಹೋಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಆಹಾರ ಮೇಳದಲ್ಲಿ 'ಅಪ್ಪಟ ಉತ್ತರ ಕರ್ನಾಟಕದ ಊಟ' ಎಂಬ ಫಲಕ ಕಂಡು, ಊರ ಅಭಿಮಾನಕ್ಕೆ ಸೋತು, ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದೆ. ಜೋಳದ ರೊಟ್ಟಿಯೆಂದರೆ ಎಸರು ಕುದಿಸಿ, ಹಿಟ್ಟು ನಾದಿ, ಕೈಯಿಂದ ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆ ಸವರಿ ತಿರುವಿದಾಗ ಉಬ್ಬಬೇಕಾದ ವಸ್ತು. ಅದು ಮುರಿಯುತ್ತದೆಯೇ ಹೊರತು ಎಳೆದರೆ ಹಿಗ್ಗುವುದಿಲ್ಲ. ನನ್ನ ತಟ್ಟೆಗೆ ಬಿದ್ದದ್ದು ಲಟ್ಟಣಿಗೆಯಲ್ಲಿ ಒತ್ತಿದ್ದು, ಎಳೆದಷ್ಟೂ ಹಿಗ್ಗುತ್ತಿತ್ತು. ಗೋಧಿ ಹಿಟ್ಟಿನ ಬೆರಕೆಯೆಂದು ಹೇಳಲಿಕ್ಕೆ ಪಂಡಿತರೇ ಆಗಬೇಕಿರಲಿಲ್ಲ. ಎಣ್ಣೆಗಾಯಿಗೆ ಬೆಲ್ಲ ಸುರಿದಿದ್ದರು. ಅಂದಿನಿಂದ, ಮನೆಯಲ್ಲಿ ಸಿಗುವುದನ್ನು ಮೇಳದಲ್ಲಿ ತಿನ್ನಬಾರದೆಂದು ನಿಯಮ ಮಾಡಿಕೊಂಡಿದ್ದೇನೆ.

ನಾನು ಹೋಗುವುದು ಬೆಳೆದವರನ್ನು ಮಾತನಾಡಿಸಲಿಕ್ಕೆ, ಮಾತಿನ ನಡುವೆ ಅವರು ಕೊಟ್ಟದ್ದನ್ನು ತಿನ್ನಲಿಕ್ಕೆ. ನಮ್ಮ ಎರಿ ಭೂಮಿಯಲ್ಲಿ ತೊಗರಿ, ಜೋಳ, ಕಡಲೆಗಳನ್ನೇ ನೋಡುತ್ತ ಬೆಳೆದ ನನಗೆ ಕೊರಲೆಯೆಂಬ ಧಾನ್ಯವೊಂದು ಇದೆಯೆಂದು ತಿಳಿದದ್ದೇ ಅರಮನೆ ಮೈದಾನದಲ್ಲಿ. ತುಮಕೂರು, ಚಿತ್ರದುರ್ಗದ ಕಡೆ ಬೆಳೆಯುವ ಈ ಸಣ್ಣ ಕಾಳನ್ನು ಅಂಗೈಗೆ ಸುರಿದು, ಹುಣಸೆ ಮರದ ನೆರಳಿನಲ್ಲೂ ಬರುವ ಬೆಳೆಯಿದು ಎಂದು ತುಮಕೂರು ಕಡೆಯ ಹಿರಿಯ ರೈತರೊಬ್ಬರು ಹೇಳಿದಾಗ ನಾನು ನಂಬಲಿಲ್ಲ. ನಮ್ಮ ಕಡೆ ಹುಣಸೆ ಮರದ ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಆದರೆ ಅದು ನಿಜವೆಂದು ಆಮೇಲೆ ಕಣ್ಣಾರೆ ಕಂಡೆ. ಅವರು ಕೊಟ್ಟ ಕೊರಲೆಯ ಮೊಸರನ್ನ ಅಕ್ಕಿಯ ಮೊಸರನ್ನದಂತೆ ಮುದ್ದೆಗಟ್ಟದೆ, ಕಾಳು ಕಾಳಾಗಿ ನಾಲಗೆಗೆ ಸಿಗುತ್ತಿತ್ತು. ಹಾರಕವೆಂಬ ಇನ್ನೊಂದು ಸಿರಿಧಾನ್ಯವನ್ನು ಕೂಡ ಅಲ್ಲಿಯೇ ಮೊದಲು ತಿಂದದ್ದು. ಪದರ ಪದರವಾದ ಅದರ ಹೊಟ್ಟು ಬಿಡಿಸುವುದೇ ದೊಡ್ಡ ಕೆಲಸವಾದ್ದರಿಂದ ಬೆಲೆ ಹೆಚ್ಚೆಂದು ಮಳಿಗೆಯ ಹೆಣ್ಣುಮಕ್ಕಳು ವಿವರಿಸಿದ ಮೇಲೆ ಚೌಕಾಸಿ ಮಾಡಲು ನಾಚಿಕೆಯಾಯಿತು.

ಕೇಂದ್ರ ಸರ್ಕಾರವು 2018ರಲ್ಲಿ ಜೋಳ, ಸಜ್ಜೆ, ರಾಗಿಗಳನ್ನೂ ಸೇರಿಸಿ ಸಿರಿಧಾನ್ಯಗಳನ್ನು ಪೌಷ್ಟಿಕ ಧಾನ್ಯಗಳೆಂದು ಘೋಷಿಸಿತು. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಗಿತ್ತು. ಪತ್ರಿಕೆಯಲ್ಲಿದ್ದ ಈ ಸುದ್ದಿಯನ್ನು ಓದಿ ಹೇಳಿದಾಗ ನಮ್ಮವ್ವ, "ಹುಟ್ಟಿದಾಗಿಂದ ತಿನ್ಲಿಕತ್ತೀವಿ, ಈಗ ಹೆಸರಿಟ್ಟಾರೇನು?" ಎಂದು ಕೇಳಿ ಒಳಗೆ ಹೋದಳು.

ವಿಚಿತ್ರವೆಂದರೆ, ನಮ್ಮ ತೊಗರಿಯನ್ನು ನಾನು ಸರಿಯಾಗಿ ನೋಡಿದ್ದೂ ಅಲ್ಲಿಯೇ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಈ ಪ್ರದೇಶದ್ದೇ ವಿಶೇಷ ಬೆಳೆಯೆಂಬ ಗುರುತಿನ, ಮಾನ್ಯತೆ ಬಂದಿದೆ. ಇಲ್ಲಿನ ಮಣ್ಣಿನಲ್ಲಿರುವ ಸುಣ್ಣ ಮತ್ತು ಪೊಟ್ಯಾಶಿನ ಅಂಶವೇ ಅದರ ರುಚಿಗೆ ಕಾರಣವೆಂದು ಹೇಳುತ್ತಾರೆ. ಮಳಿಗೆಯೊಂದರಲ್ಲಿ ಎರಡು ತಟ್ಟೆ ಬೇಳೆ ಇಟ್ಟಿದ್ದರು. ಒಂದು ಗಾಜಿನಂತೆ ಹೊಳೆಯುತ್ತಿತ್ತು, ಇನ್ನೊಂದರ ಮೇಲೆ ತೆಳ್ಳಗೆ ಹಿಟ್ಟು ಕೂತಂತಿತ್ತು. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬರು, "ಇದು ಯಾಕೆ ಇಷ್ಟು ಮಂಕಾಗಿದೆ?" ಎಂದು ಕೇಳಿದರು. ಅಲ್ಲಿದ್ದ ನಮ್ಮ ಜಿಲ್ಲೆಯ ರೈತರು ಮಾತನಾಡದೆ ಹೊಳೆಯುವ ಬೇಳೆಯನ್ನೂ ಮಂಕು ಬೇಳೆಯನ್ನೂ ಬೇರೆ ಬೇರೆ ಗಾಜಿನ ಲೋಟದ ನೀರಿಗೆ ಹಾಕಿ, ಅರ್ಧ ತಾಸು ಬಿಟ್ಟು ಬರಲು ಹೇಳಿದರು. ನಾನೂ ಹೋಗಿ ಬಂದೆ. ಮಂಕು ಬೇಳೆ ನೆನೆದು ಉಬ್ಬಿತ್ತು, ನೀರು ಹೆಚ್ಚು ಕಡಿಮೆ ತಿಳಿಯಾಗಿತ್ತು. ಇನ್ನೊಂದರ ನೀರಿನ ಮೇಲೆ ಎಣ್ಣೆಯ ತೆಳು ಪೊರೆ ತೇಲುತ್ತಿತ್ತು. ಪಾಲಿಶ್ ಮಾಡಿದ ಬೇಳೆಯ ಹೊಳಪು ಕಾಳಿನದಲ್ಲ, ಸವರಿದ್ದರದು ಎಂದು ಆಗ ಅವರು ಹೇಳಿದರು. ದಾಲ್ ಮಿಲ್ಲುಗಳ ಊರಿನಲ್ಲೇ ಹುಟ್ಟಿ, ಆರುನೂರು ಕಿಲೋಮೀಟರಿನಷ್ಟು ದೂರ ಹೋಗಿ ಇದನ್ನು ಕಲಿತೆನೆಂದು ಬೀಗರ ಮುಂದೆ ಹೇಳಿಕೊಳ್ಳುವ ಧೈರ್ಯ ಈವರೆಗೂ ಬಂದಿಲ್ಲ.

ತಪ್ಪುಗಳನ್ನೂ ಮಾಡಿದ್ದೇನೆ. ಮೊದಲ ವರ್ಷ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಆಸೆಗೆ ಐದು ಕಿಲೋ ಸಜ್ಜೆ ಹಿಟ್ಟು ಹೊತ್ತು ತಂದೆ; ಸಜ್ಜೆಯಲ್ಲಿ ಜಿಡ್ಡಿನಂಶ ಹೆಚ್ಚಿರುವುದರಿಂದ ಬೀಸಿದ ಹಿಟ್ಟು ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಅರ್ಧ ಹಿಟ್ಟು ಎಮ್ಮೆಗೆ ಹೋಯಿತು. ಈಗ ಕಾಳನ್ನೇ ತಂದು ಇಲ್ಲಿಯ ಗಿರಣಿಯಲ್ಲಿ ಬೀಸಿಸುತ್ತೇನೆ.

ಹೋಗಬೇಕೆನ್ನುವವರಿಗೆ ಎರಡು ಮಾತು. ರವಿವಾರ ಬೇಡ, ಮೊದಲ ದಿನ ಬಾಗಿಲು ತೆರೆಯುವಾಗಲೇ ಹೋದರೆ ರೈತರಿಗೂ ಮಾತಿಗೆ ಪುರುಸೊತ್ತು ಇರುತ್ತದೆ. ಪೂರ್ತಿ ಹಸಿದೂ ಹೋಗಬೇಡಿ, ಹಸಿದವನಿಗೆ ಮೊದಲು ಸಿಕ್ಕದ್ದೇ ಅಮೃತ. ಸಿಹಿಯನ್ನು ಕೊನೆಗಿಡಿ, ಇಲ್ಲವಾದರೆ ಉಳಿದ ಕಾಳುಗಳ ರುಚಿ ನಾಲಗೆಗೆ ಹತ್ತುವುದಿಲ್ಲ. ಖರ್ಚಿನ ವಿಷಯ ಕೇಳಬೇಡಿ, ಮನೆಯಲ್ಲಿಯೂ ನಾನು ಅದನ್ನು ಹೇಳಿಲ್ಲ.

ಕೊರಲೆ ಕೊಟ್ಟ ಆ ಹಿರಿಯರಿಗೆ ಕಳೆದ ಸಲ ಎರಡು ಕಿಲೋ ಪಾಲಿಶ್ ಇಲ್ಲದ ಬೇಳೆ ಒಯ್ದಿದ್ದೆ. ಅವರು ದುಡ್ಡು ತೆಗೆದುಕೊಳ್ಳದೆ ನನ್ನ ಚೀಲಕ್ಕೆ ಎರಡು ಕಿಲೋ ಕೊರಲೆ ಸುರಿದರು. ಈ ಸಲ ಬೇಳೆಯ ಜೊತೆಗೆ ಅಗಸಿ ಹಿಂಡಿಯನ್ನೂ (ಅಗಸೆಯ ಚಟ್ನಿಪುಡಿ) ಒಯ್ಯಬೇಕೆಂದು ನಮ್ಮವ್ವ ಹೇಳಿದ್ದಾಳೆ, ಡಬ್ಬಿ ವಾಪಸ್ ತರಬೇಕೆಂಬ ಷರತ್ತಿನ ಮೇಲೆ.